ಹೆಸರಿನ ದಾರಿ, ಕಥೆಯ ದಾರಿ: ಗ್ರೀಕ್ ದೇವತೆಗಳ ಚರಿತ್ರೆಯಲ್ಲಿ ಭಾಷಿಕ ಸಾಕ್ಷ್ಯದ ಸ್ಥಾನ

1856ರಲ್ಲಿ ಮ್ಯಾಕ್ಸ್ ಮುಲ್ಲರ್ ತೌಲನಿಕ ಪುರಾಣವನ್ನು ಕುರಿತ ತಮ್ಮ ಪ್ರಸಿದ್ಧ ಪ್ರಬಂಧವನ್ನು ಪ್ರಕಟಿಸಿದಾಗ, ಪುರಾಣಗಳ ಚರಿತ್ರೆಯು ಭಾಷಾವಿಜ್ಞಾನದ ಒಂದು ಶಾಖೆಯೇ ಆಗಿಬಿಡುವುದೆಂಬ ನಂಬಿಕೆ ವಿದ್ವತ್ ವಲಯದಲ್ಲಿ ಬಲವಾಗಿತ್ತು. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳ ಕ್ರಿಯಾರೂಪಗಳನ್ನು ಹೋಲಿಸಿ ಅವುಗಳ ಮೂಲರೂಪವನ್ನು ಪುನಾರಚಿಸಬಹುದಾದರೆ, ಅದೇ ಜನರ ದೇವತೆಗಳ ಹೆಸರುಗಳನ್ನು ಹೋಲಿಸಿ ಮೂಲ ಪುರಾಣವನ್ನೂ ಪುನಾರಚಿಸಬಹುದಲ್ಲವೆ ಎಂಬುದು ಆ ವಾದದ ತಿರುಳು. ದ್ಯೌಃ ಮತ್ತು ಜೀಯಸ್, ವರುಣ ಮತ್ತು ಊರನೊಸ್, ಗಂಧರ್ವ ಮತ್ತು ಕೆಂತೌರೊಸ್, ಸಾರಮೇಯ ಮತ್ತು ಹೆರ್ಮೆಸ್, ಸರಣ್ಯೂ ಮತ್ತು ಎರಿನೂಸ್ ಎಂಬ ಜೋಡಿಗಳು ಪಠ್ಯಪುಸ್ತಕಗಳನ್ನು ಸೇರಿದವು. ಅಡಾಲ್ಬರ್ಟ್ ಕೂನ್ ಅವರು ಪ್ರೊಮೆಥೆಉಸ್‌ನ ಹೆಸರನ್ನು ಅರಣಿಯ ಮಂಥನಕ್ಕೆ ಸೇರಿಸಿದರು. ಆ ಶತಮಾನದ ಕೊನೆಯ ಪಾದದಲ್ಲಿ ಧ್ವನಿನಿಯಮಗಳಿಗೆ ಅಪವಾದವಿಲ್ಲವೆಂದು ನವವೈಯಾಕರಣರು ಪಟ್ಟು ಹಿಡಿದ ಮೇಲೆ, ಈ ಜೋಡಿಗಳಲ್ಲಿ ಹೆಚ್ಚಿನವು ಒಂದೊಂದಾಗಿ ಕಳಚಿ ಬಿದ್ದವು.

ಆ ಪತನದ ಕಥೆ ಎಲ್ಲರಿಗೂ ಗೊತ್ತಿರುವುದೇ. ಅದರಿಂದ ಯಾವ ಪಾಠ ಕಲಿಯಬೇಕೆಂಬುದರಲ್ಲಿ ಮಾತ್ರ ಒಮ್ಮತವಿಲ್ಲ. ಹೆಸರುಗಳಿಂದ ಪುರಾಣದ ಚರಿತ್ರೆಯೇ ದೊರೆಯದೆಂದು ಒಂದು ಪಕ್ಷ. ಧ್ವನಿನಿಯಮವನ್ನು ಬಿಗಿಯಾಗಿ ಪಾಲಿಸಿದರೆ ಸಾಕು, ಉಳಿದುದೆಲ್ಲ ಸರಿಹೋಗುತ್ತದೆಂದು ಇನ್ನೊಂದು ಪಕ್ಷ. ನಾವು ಈ ಲೇಖನದಲ್ಲಿ ಎರಡನ್ನೂ ಒಪ್ಪುವುದಿಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಮೆಡಿಟರೇನಿಯನ್ ಸಮುದ್ರದ ಪೂರ್ವ ತೀರಗಳಲ್ಲಿ ದೊರೆತ ಲಿಖಿತ ಸಾಮಗ್ರಿಯು ಈ ಪ್ರಶ್ನೆಯನ್ನೇ ಬದಲಿಸಿದೆ ಎಂಬುದು ನಮ್ಮ ವಾದ. ಹೆಸರುಗಳು ಒಂದು ದಾರಿಯಲ್ಲಿಯೂ ಕಥೆಗಳು ಇನ್ನೊಂದು ದಾರಿಯಲ್ಲಿಯೂ ಸಂಚರಿಸಿವೆ. ಎರಡೂ ಒಂದೇ ದೇವತೆಯಲ್ಲಿ ಕೂಡಿಕೊಂಡಿರುವುದರಿಂದ, ಅವು ಒಂದೇ ಕಡೆಯಿಂದ ಬಂದವೆಂದು ಭಾವಿಸುವುದು ಸುಲಭವಾಗಿದೆ.

ಮೊದಲು ಕುಸಿಯದೆ ನಿಂತ ಸಮೀಕರಣವನ್ನು ನೋಡೋಣ. ಸಂಸ್ಕೃತದ ಪ್ರಥಮಾ ದ್ಯೌಃ, ಷಷ್ಠೀ ದಿವಃ. ಗ್ರೀಕಿನ ಪ್ರಥಮಾ ಜೀಯಸ್, ಷಷ್ಠೀ ದಿಯೊಸ್. ಗ್ರೀಕಿನಲ್ಲಿ ಪದಾದಿಯ ದ್ಯ-ಕಾರವು ಜ಼-ಕಾರವಾಗುವುದು ನಿಯತವಾದ ಪರಿವರ್ತನೆ. ಷಷ್ಠಿಯಲ್ಲಿ ಎರಡು ಸ್ವರಗಳ ನಡುವೆ ಇದ್ದ ವಕಾರವು ಲೋಪವಾಗಿರುವುದೂ ನಿಯತವೇ. ಒಂದೇ ಪ್ರಾತಿಪದಿಕದೊಳಗೆ ಕಾಣುವ ಸ್ವರಶ್ರೇಣಿಯ ಏರಿಳಿತವು ಎರಡೂ ಭಾಷೆಗಳಲ್ಲಿ ಒಂದೇ ತೆರನಾಗಿದೆ; ಆಕಸ್ಮಿಕ ಸಾದೃಶ್ಯದಲ್ಲಿ ಇಂತಹ ಸೂಕ್ಷ್ಮ ಅನಿಯಮಿತತೆ ಹೊಂದಿಕೊಳ್ಳಲಾರದು. ಇದಕ್ಕೆ 'ತಂದೆ' ಎಂಬ ಪದದೊಡನೆ ಸೇರಿದ ಸಂಬೋಧನೆಯು ವೇದದಲ್ಲಿಯೂ ಹೋಮರನಲ್ಲಿಯೂ ಲ್ಯಾಟಿನ್ನಿನ ಯುಪ್ಪಿಟರ್ ಎಂಬ ಘನೀಭೂತ ರೂಪದಲ್ಲಿಯೂ ಇರುವುದನ್ನು ಕೂಡಿಸಿದರೆ, ಸಂದೇಹಕ್ಕೆ ಎಡೆಯೇ ಉಳಿಯುವುದಿಲ್ಲ. ಹಿಟ್ಟೈಟ್ ಭಾಷೆಯಲ್ಲಿ ಇದೇ ಧಾತುವಿನ ಶಿಉಸ್ ಎಂಬುದು 'ದೇವರು' ಎಂಬ ಸಾಮಾನ್ಯ ನಾಮವಾಗಿ ಉಳಿದಿದೆ.

ಆದರೆ ಇಷ್ಟು ದೃಢವಾದ ಜ್ಞಾತಿಪದವು ಪುರಾಣದ ಬಗೆಗೆ ಏನನ್ನು ಹೇಳುತ್ತದೆ? ಋಗ್ವೇದದಲ್ಲಿ ದ್ಯೌಃ ಒಬ್ಬಂಟಿಯಾಗಿ ಒಂದು ಸೂಕ್ತಕ್ಕೂ ಒಡೆಯನಲ್ಲ. ಪೃಥಿವಿಯೊಡನೆ ದ್ಯಾವಾಪೃಥಿವೀ ಎಂದು ಜೋಡಿಯಾಗಿ ಮಾತ್ರ ಅವನಿಗೆ ಸೂಕ್ತಗಳುಂಟು. ಗುಡುಗು, ವಜ್ರ, ಸರ್ಪವಧೆ ಇಂದ್ರನವು. ಗ್ರೀಕಿನ ಜೀಯಸನಾದರೋ ಸಿಡಿಲನ್ನು ಹಿಡಿದವನು, ದೈತ್ಯನನ್ನು ಕೆಡೆದವನು, ತಂದೆಯನ್ನು ಪದಚ್ಯುತಗೊಳಿಸಿ ಅರಸನಾದವನು. ಈ ಪದಚ್ಯುತಿಯ ಕಥೆ ವೇದದ ದ್ಯೌಃಗೆ ಸಂಬಂಧಿಸಿದ್ದಲ್ಲ. ಅಂದರೆ ಹೆಸರು ಕೊಡುವುದು 'ಹಗಲಿನ ಬೆಳಕುಳ್ಳ ಬಾನು, ತಂದೆ' ಎಂಬಿಷ್ಟನ್ನು ಮಾತ್ರ. ಉಷಸ್ ಮತ್ತು ಎಓಸ್ ಎಂಬ ಜೋಡಿಯಲ್ಲಿ ವರ್ಣನೆಯ ಕೆಲವು ಅಂಶಗಳೂ ಹೆಸರಿನೊಡನೆ ಬಂದಿರುವುದನ್ನು ಒಪ್ಪಬೇಕು; ಅಂತಹ ಉದಾಹರಣೆಗಳು ಬೆರಳೆಣಿಕೆಯವು.

ಕುಸಿದ ಸಮೀಕರಣಗಳ ಪೈಕಿ ವರುಣ–ಊರನೊಸ್ ಜೋಡಿಯು ಬೋಧಪ್ರದವಾದುದು. ಅಟಿಕ್ ಉಪಭಾಷೆಯ ಊರನೊಸ್‌ಗೆ ಡೋರಿಕ್‌ನಲ್ಲಿಯೂ ಲೆಸ್ಬೋಸ್ ದ್ವೀಪದ ಉಪಭಾಷೆಯಲ್ಲಿಯೂ ಓರನೊಸ್ ಎಂಬ ರೂಪಗಳಿವೆ. ಮೊದಲ ಅಕ್ಷರದ ಈ ದೀರ್ಘತೆಯ ವ್ಯತ್ಯಾಸಗಳು, ರಕಾರದ ಬಳಿ ಹಿಂದೆ ಒಂದು ಸಕಾರವಿದ್ದು ಅದು ಲೋಪವಾದುದರ ಕುರುಹುಗಳೆಂದು ಹೆಚ್ಚಿನವರು ಒಪ್ಪುತ್ತಾರೆ. ಹಾಗಾದರೆ ಅದರ ಬಂಧು ಸಂಸ್ಕೃತದ 'ವರ್ಷ'. ಊರನೊಸ್ ಎಂದರೆ ಮಳೆಗರೆಯುವವನು. ವರುಣನಿಗೆ ಇಲ್ಲಿ ಸ್ಥಳವಿಲ್ಲ. ಗಂಧರ್ವನ ಧಕಾರಕ್ಕೆ ಗ್ರೀಕಿನಲ್ಲಿ ಥಕಾರ ಬರಬೇಕಾದೆಡೆ ಕೆಂತೌರೊಸ್‌ನಲ್ಲಿ ತಕಾರವಿದೆ. ಈ ಎರಡು ಜೋಡಿಗಳನ್ನು ಕುರಿತು ಜಾರ್ಜ್ ಡ್ಯುಮೆಜಿಲ್ 1929 ಮತ್ತು 1934ರಲ್ಲಿ ಒಂದೊಂದು ಪುಸ್ತಕವನ್ನೇ ಬರೆದರು. ಆಮೇಲೆ ಅವರ ಗಮನವು ಹೆಸರುಗಳಿಂದ ದೇವತಾಮಂಡಲದ ರಚನೆಯ ಕಡೆಗೆ ಹೊರಳಿತು. ಆ ಹೊರಳುವಿಕೆಯ ಫಲವನ್ನು ಕುರಿತು ನಮಗೆ ಬೇರೆ ಆಕ್ಷೇಪಗಳಿವೆ, ಅದು ಬೇರೆ ಮಾತು.

ಇಷ್ಟೂ ಚರ್ಚೆಗೆ ಇದ್ದ ದೊಡ್ಡ ಕೊರತೆಯೆಂದರೆ ಕಾಲನಿರ್ದೇಶ. ಹೋಮರ್ ಮತ್ತು ಹೆಸಿಯೊಡರಿಗಿಂತ ಹಿಂದಿನ ಗ್ರೀಕ್ ಬರಹವೇ ಇರಲಿಲ್ಲ. ಆರ್ಥರ್ ಎವನ್ಸ್ 1900ರಲ್ಲಿ ಕ್ರೀಟಿನ ಕ್ನೋಸೊಸ್‌ನಲ್ಲಿ ಅಗೆತ ಆರಂಭಿಸಿದಾಗ ದೊರೆತ ಜೇಡಿಮಣ್ಣಿನ ಫಲಕಗಳೂ, ಕಾರ್ಲ್ ಬ್ಲೆಗೆನ್ 1939ರಲ್ಲಿ ಪೈಲೊಸ್‌ನಲ್ಲಿ ತೆರೆದ ಫಲಕಗಳೂ ಬಹುಕಾಲ ಮೂಕವಾಗಿದ್ದವು. ಆಲಿಸ್ ಕೋಬರ್ ಈ ಬರಹದೊಳಗೆ ವಿಭಕ್ತಿಯಂತೆ ಬದಲಾಗುವ ಪದಾಂತ್ಯಗಳನ್ನು ಗುರುತಿಸಿದರು. ಆ ಅಡಿಪಾಯದ ಮೇಲೆ ಮೈಕೇಲ್ ವೆಂಟ್ರಿಸ್ 1952ರ ಜುಲೈ 1ರಂದು ಬಿಬಿಸಿ ಬಾನುಲಿಯಲ್ಲಿ ಈ ಭಾಷೆ ಗ್ರೀಕ್ ಎಂದು ಸಾರಿದರು. ಜಾನ್ ಚಾಡ್ವಿಕ್ ಅವರೊಡನೆ ಬರೆದ ಲೇಖನ 1953ರಲ್ಲಿ ಹೊರಬಂದಿತು. ಈ ಓದು ಸರಿಯಾದ ಹಾದಿಯಲ್ಲಿದೆಯೆಂದು ಸಂಶಯಾತ್ಮರನ್ನೂ ಒಪ್ಪಿಸಿದ್ದು ವ್ಯಾಕರಣವೇ ಹೊರತು ಪುರಾಣವಲ್ಲ. ಆದರೆ ಪುರಾಣದ ವಿದ್ಯಾರ್ಥಿಗಳಿಗೆ ಅದು ತಂದ ಆಘಾತ ಕಡಿಮೆಯದಲ್ಲ.

ಲೀನಿಯರ್ ಬಿ ಎಂಬ ಈ ಲಿಪಿಯ ಸ್ವಭಾವವನ್ನು ಇಲ್ಲಿ ಸ್ವಲ್ಪ ವಿವರಿಸುವುದು ಅಗತ್ಯ, ಏಕೆಂದರೆ ಹೆಸರುಗಳ ಗುರುತಿಸುವಿಕೆಯೆಲ್ಲ ಅದರ ಮೇಲೆ ನಿಂತಿದೆ. ಸುಮಾರು 90 ಚಿಹ್ನೆಗಳ ಈ ಲಿಪಿಯಲ್ಲಿ ಒಂದೊಂದು ಚಿಹ್ನೆಯೂ ಹೆಚ್ಚಾಗಿ ಒಂದು ವ್ಯಂಜನ ಮತ್ತು ಒಂದು ಸ್ವರದ ಅಕ್ಷರ. ಪದಾಂತ್ಯದ ಸಕಾರ, ನಕಾರ, ರಕಾರಗಳನ್ನು ಬರೆಯುವುದಿಲ್ಲ. ರಕಾರ ಲಕಾರಗಳಿಗೆ ಒಂದೇ ಚಿಹ್ನೆ. ದಕಾರವನ್ನು ಬಿಟ್ಟರೆ ಘೋಷ–ಅಘೋಷ, ಅಲ್ಪಪ್ರಾಣ–ಮಹಾಪ್ರಾಣಗಳ ಭೇದವಿಲ್ಲ. ತಮಿಳು ಲಿಪಿಯನ್ನು ಬಲ್ಲವರಿಗೆ ಇದು ಅಪರಿಚಿತವೆನಿಸದು. ಆದ್ದರಿಂದ ಬರೆದ ಒಂದು ರೂಪಕ್ಕೆ ಹಲವು ಉಚ್ಚಾರಣೆಗಳು ಸಾಧ್ಯ. ಎರಡು ಚಿಹ್ನೆಗಳ ಪದವೊಂದರಿಂದ ದೇವತೆಯನ್ನು ಎಬ್ಬಿಸುವುದು ಅಪಾಯಕರ; ನಾಲ್ಕೈದು ಚಿಹ್ನೆಗಳ ಹೆಸರು ದೇವತೆಗಳ ಪಟ್ಟಿಯ ನಡುವೆಯೇ ಬಂದರೆ ಅದನ್ನು ನಂಬಬಹುದು.

ಕ್ನೋಸೊಸ್‌ನ ಒಂದು ಸಣ್ಣ ಫಲಕದಲ್ಲಿ ನಾಲ್ಕು ಹೆಸರುಗಳಿವೆ: ಅ-ತ-ನ-ಪೊ-ತಿ-ನಿ-ಯ, ಎ-ನು-ವ-ರಿ-ಯೊ, ಪ-ಯ-ವೊ-ನೆ, ಪೊ-ಸೆ-ದ-ಒ-ನೆ. ಹೋಮರನಲ್ಲಿ ಆರೆಸನ ಇನ್ನೊಂದು ಹೆಸರಾಗಿ ಉಳಿದ ಎನೂವಾಲಿಯೊಸ್, ಅಪೊಲೊನ ವಿಶೇಷಣವಾಗಿ ಕರಗಿಹೋದ ಪಯಾವೋನ್ ಇಲ್ಲಿ ಸ್ವತಂತ್ರ ದೇವತೆಗಳಾಗಿ ಕಾಣಿಕೆ ಪಡೆಯುತ್ತಿದ್ದಾರೆ. ಪೈಲೊಸ್‌ನ ಒಂದು ದೊಡ್ಡ ಫಲಕದಲ್ಲಿ ಚಿನ್ನದ ಪಾತ್ರೆಗಳನ್ನೂ ಜೊತೆಗೆ ಗಂಡಸರು ಹೆಂಗಸರನ್ನೂ ಪಡೆದ ದೇವತೆಗಳ ಪಟ್ಟಿಯಿದೆ. ಅಲ್ಲಿ ದಿ-ವೆ, ಎಂದರೆ ಜೀಯಸನಿಗೆ. ಎ-ರ, ಎಂದರೆ ಹೇರಾಗೆ. ಅವರ ಬೆನ್ನಿಗೆ 'ಜೀಯಸನ ಮಗ ದ್ರಿಮಿಯೊಸ್'. ಈ ದ್ರಿಮಿಯೊಸ್ ಯಾರು? ಮುಂದಿನ ಸಾವಿರ ವರ್ಷಗಳ ಗ್ರೀಕ್ ಸಾಹಿತ್ಯದಲ್ಲಿ ಜೀಯಸನಿಗೆ ಹಲವಾರು ಮಕ್ಕಳುಂಟು, ಆ ಹೆಸರಿನ ಮಗನಿಲ್ಲ. ಕ್ರಿ.ಪೂ. 1200ರ ಆಸುಪಾಸಿನಲ್ಲಿ ಅರಮನೆ ಸುಟ್ಟಾಗ ಆ ಬೆಂಕಿಯೇ ಹಸಿಮಣ್ಣಿನ ಫಲಕವನ್ನು ಬೇಯಿಸಿ ಉಳಿಸಿತು. ಆ ದೇವತೆಯ ಕಥೆಯನ್ನು ಉಳಿಸುವವರಿರಲಿಲ್ಲ. ಅದೇ ಫಲಕದ ಎ-ಮ-ಅ₂ ಎಂಬ ಬರಹವು ಹೆರ್ಮಾಹಾಸ್ ಎಂಬಂತಹ ರೂಪವನ್ನು ಸೂಚಿಸುತ್ತದೆ. ಹೆರ್ಮೆಸ್ ಎಂಬ ಹೆಸರಿನ ನಡುವೆ ಹಿಂದೊಮ್ಮೆ ಹಕಾರವಿತ್ತೆಂದು ತಿಳಿದ ಕ್ಷಣದಲ್ಲಿ ಸಾರಮೇಯನೊಡನೆ ಅದನ್ನು ಕೂಡಿಸುವ ಹಳೆಯ ಪ್ರಯತ್ನವು ಮುಗಿಯಿತು.

ಫಲಕಗಳು ನೀಡಿದ ಅತ್ಯಂತ ದೊಡ್ಡ ತಿದ್ದುಪಡಿ ದಿಯೊನೂಸೊಸನನ್ನು ಕುರಿತದ್ದು. ಎರ್ವಿನ್ ರೋಡೆ, ವಿಲಮೊವಿಟ್ಸ್ ಮೊದಲಾದ ಹಿರಿಯರೆಲ್ಲ ಈತನು ತಡವಾಗಿ ಹೊರಗಿನಿಂದ ಬಂದ ದೇವರೆಂದು ನಂಬಿದ್ದರು; ಥ್ರೇಸ್ ಎಂದು ಕೆಲವರು, ಫ್ರಿಜಿಯ ಅಥವಾ ಲಿಡಿಯ ಎಂದು ಕೆಲವರು. ಅವರಿಗೆ ಆಧಾರವಾಗಿದ್ದುದು ಪುರಾಣವೇ. ಯೂರಿಪಿಡಿಸನ ನಾಟಕದಲ್ಲಿ ಆತನು ಏಷ್ಯಾದಿಂದ ಥೀಬ್ಸಿಗೆ ಬರುತ್ತಾನೆ, ಅರಸ ಪೆಂಥೆಉಸ್ ಅವನನ್ನು ತಡೆದು ನಾಶವಾಗುತ್ತಾನೆ. ಹೋಮರನ ಕಾವ್ಯಗಳಲ್ಲಿ ಆತನ ಪಾತ್ರ ತೀರ ಕಿರಿದು. ಆಗಮನದ ಕಥೆಯನ್ನು ಆಗಮನದ ಚರಿತ್ರೆಯೆಂದು ಓದಿದುದು ಸಹಜವಾಗಿಯೇ ತೋರುತ್ತಿತ್ತು. ವಾಲ್ಟರ್ ಒಟ್ಟೊ 1933ರಲ್ಲಿ ಇದಕ್ಕೆ ವಿರುದ್ಧವಾಗಿ ವಾದಿಸಿದಾಗ ಅವರ ಬಳಿ ಶಾಸನಾಧಾರವಿರಲಿಲ್ಲ. ಪೈಲೊಸ್‌ನ ಒಡೆದ ಚೂರುಗಳಲ್ಲಿ ದಿ-ವೊ-ನು-ಸೊ ಎಂಬ ಹೆಸರು ಕಂಡಾಗಲೂ ಅದು ಮನುಷ್ಯನ ಹೆಸರಿರಬಹುದೆಂದು ಶಂಕಿಸಲಾಯಿತು. ಚೂರಿನಲ್ಲಿ ಸಂದರ್ಭವೇ ಇರಲಿಲ್ಲವಾದ್ದರಿಂದ ಆ ಶಂಕೆ ನ್ಯಾಯವಾದುದೇ. ಪಶ್ಚಿಮ ಕ್ರೀಟಿನ ಖನಿಯಾದಲ್ಲಿ 1990ರ ಸುಮಾರಿಗೆ ದೊರೆತ ಫಲಕವೊಂದು ಅದನ್ನು ತೀರಿಸಿತು. ಅದರಲ್ಲಿ ಜೀಯಸನ ಗುಡಿಗೆ ಕಳುಹಿಸಿದ ಜೇನಿನ ಲೆಕ್ಕವಿದೆ: ಜೀಯಸನಿಗೂ ದಿಯೊನೂಸೊಸನಿಗೂ ಜೇನಿನ ಗಡಿಗೆಗಳು.

ಇದರಿಂದ ಆತನು ಎಲ್ಲಿಯವನೆಂಬ ಪ್ರಶ್ನೆಗೆ ಉತ್ತರ ಸಿಕ್ಕಿತೆಂದಲ್ಲ. ಹೆಸರಿನ ಪೂರ್ವಾರ್ಧದಲ್ಲಿ ಜೀಯಸನ ಷಷ್ಠೀರೂಪ ಇರುವಂತೆ ಕಾಣುತ್ತದೆ, ಉತ್ತರಾರ್ಧಕ್ಕೆ ಒಪ್ಪಿತವಾದ ನಿಷ್ಪತ್ತಿಯಿಲ್ಲ. ಆದರೆ ಯೂರಿಪಿಡಿಸನಿಗಿಂತ ಸುಮಾರು ಎಂಟು ಶತಮಾನಗಳ ಹಿಂದೆಯೇ ಆತನು ಗ್ರೀಕ್ ಮಾತಾಡುವವರ ಲೆಕ್ಕಪುಸ್ತಕದಲ್ಲಿ ಜೀಯಸನ ಪಕ್ಕದ ಸಾಲಿನಲ್ಲಿದ್ದನು. ಹಾಗಾದ ಮೇಲೆ 'ಹೊಸದಾಗಿ ಬಂದ ಪರದೇಶಿ ದೇವರು' ಎಂಬುದು ಆ ದೇವತೆಯ ಜೀವನಚರಿತ್ರೆಯಾಗದೆ ಆತನ ಸ್ವಭಾವದ ವರ್ಣನೆಯಾಗುತ್ತದೆ. ಪ್ರತಿವರ್ಷದ ಹಬ್ಬದಲ್ಲಿಯೂ ಆತನು ಹೊರಗಿನಿಂದಲೇ ಬರಬೇಕು. ಆಗಮನದ ಕಥೆಗಳನ್ನೆಲ್ಲ ವಲಸೆಯ ದಾಖಲೆಗಳೆಂದು ಓದುವ ಅಭ್ಯಾಸವು ನಮ್ಮ ಅಧ್ಯಯನಗಳಲ್ಲಿ ಇಂದಿಗೂ ಕಡಿಮೆಯಾಗಿಲ್ಲ.

ಇನ್ನೊಂದು ದಿಕ್ಕಿನ ಎಚ್ಚರವೂ ಬೇಕು. ಅಫ್ರೊದಿತೆಯ ಹೆಸರು ಫಲಕಗಳಲ್ಲಿ ಇಲ್ಲ. ಅಪೊಲೊನದು ಖಚಿತವಾಗಿ ಸಿಕ್ಕಿಲ್ಲ. ದೆಮೆತೆರ್ ಎಂದು ಒಮ್ಮೆ ಓದಿದ ದ-ಮ-ತೆ ಎಂಬುದು ಭೂಮಿಯ ಲೆಕ್ಕದ ಸಾಮಾನ್ಯ ಪದವೆಂದು ಈಗ ಹಲವರ ಮತ. ಕಂದಾಯದ ಕಡತದಲ್ಲಿ ಇಲ್ಲದ ಮಾತ್ರಕ್ಕೆ ಊರಿನಲ್ಲಿ ಇರಲಿಲ್ಲವೆನ್ನಲಾಗದು. ಇದ್ದುದಂತೂ ಇತ್ತು: ಕ್ನೋಸೊಸ್‌ನ ಫಲಕವೊಂದರಲ್ಲಿ ಅಮ್ನಿಸೊಸ್ ಎಂಬ ರೇವಿನ ಎಲೆಉಥಿಯಾಗೆ ಒಂದು ಗಡಿಗೆ ಜೇನು ಸಲ್ಲುತ್ತದೆ, ಪ್ರಸವದ ಈ ದೇವತೆಗೆ ಅಮ್ನಿಸೊಸ್‌ನಲ್ಲಿ ಗುಹೆಯಿದೆಯೆಂದು ಒಡಿಸ್ಸಿಯು ಶತಮಾನಗಳ ಮೇಲೆ ಹೇಳುತ್ತದೆ. ಇಷ್ಟಾದರೂ ಈ ಸಾವಿರಾರು ಫಲಕಗಳಲ್ಲಿ ಒಂದೇ ಒಂದು ಕಥೆಯಿಲ್ಲ. ಗುಮಾಸ್ತರಿಗೆ ಗಡಿಗೆಗಳ ಎಣಿಕೆ ಬೇಕಿತ್ತು, ಪುರಾಣವಲ್ಲ.

ಕಥೆಗಳು ಸಿಕ್ಕಿದ್ದು ಬೇರೆಡೆ, ಬೇರೆ ಭಾಷೆಯಲ್ಲಿ. ಮಧ್ಯ ಅನಾತೋಲಿಯದ ಬೊಗಾಜ್‌ಕೊಯ್‌ನಲ್ಲಿ ಹ್ಯೂಗೊ ವಿಂಕ್ಲರ್ 1906ರಿಂದ ಅಗೆದು ತೆಗೆದ ಹಿಟ್ಟೈಟ್ ರಾಜಧಾನಿ ಹತ್ತುಶದ ಗ್ರಂಥಭಂಡಾರದಲ್ಲಿ, ಹುರಿಯನ್ ಮೂಲದಿಂದ ಹಿಟ್ಟೈಟ್ ಭಾಷೆಗೆ ಬಂದ ಕುಮಾರ್ಬಿಯ ಕಾವ್ಯಚಕ್ರವಿತ್ತು. ಎಮಿಲ್ ಫೊರರ್ 1930ರ ದಶಕದಲ್ಲಿ ಅದರತ್ತ ಗಮನ ಸೆಳೆದರು, ಹಾನ್ಸ್ ಗ್ಯೂಟರ್‌ಬಾಕ್ 1946ರಲ್ಲಿ ವಿಸ್ತಾರವಾಗಿ ಪ್ರಕಟಿಸಿದರು. ಅಲಲು ಎಂಬವನು ಒಂಬತ್ತು ವರ್ಷ ಸ್ವರ್ಗದ ಅರಸ. ಅವನ ಪಾನಪಾತ್ರೆ ಹಿಡಿದಿದ್ದ ಅನು ಅವನನ್ನು ಓಡಿಸುತ್ತಾನೆ. ಅನು ಒಂಬತ್ತು ವರ್ಷ ಆಳಿದ ಮೇಲೆ, ಅವನ ಪಾನಪಾತ್ರೆ ಹಿಡಿದಿದ್ದ ಕುಮಾರ್ಬಿ ಎದುರು ನಿಲ್ಲುತ್ತಾನೆ. ಬಾನಿಗೆ ಹಾರಲು ಹೊರಟ ಅನುವಿನ ಕಾಲು ಹಿಡಿದೆಳೆದು ಕುಮಾರ್ಬಿಯು ಅವನ ಪುರುಷಾಂಗವನ್ನು ಕಚ್ಚಿ ನುಂಗಿ ನಗುತ್ತಾನೆ. ನಗಬೇಡ, ನಿನ್ನೊಳಗೆ ಘೋರ ದೇವತೆಗಳನ್ನು ಬಿತ್ತಿದ್ದೇನೆಂದು ಅನು ಎಚ್ಚರಿಸುತ್ತಾನೆ. ಹೀಗೆ ಗಂಡಿನ ಒಡಲಲ್ಲಿ ಬೆಳೆದ ಗುಡುಗಿನ ದೇವತೆಯೇ ಮುಂದಿನ ಅರಸ. ನಡುವೆ ಒಂದು ಕಲ್ಲೂ ಬರುತ್ತದೆ. ಕುಮಾರ್ಬಿಯ ಬಾಯಿಗೆ ಹೋದ ಆ ಕಲ್ಲು ಆಮೇಲೆ ಪೂಜೆಗೊಳ್ಳುತ್ತದೆ.

ಹೆಸಿಯೊಡನ ದೇವವಂಶಾವಳಿಯನ್ನು ಓದಿದವರಿಗೆ ಇದರ ಮುಂದೆ ವಿವರಣೆ ಬೇಡ. ಊರನೊಸ್, ಅವನ ಅಂಗವನ್ನು ಕುಡುಗೋಲಿನಿಂದ ಕತ್ತರಿಸುವ ಕ್ರೊನೊಸ್, ತನ್ನ ಮಕ್ಕಳನ್ನೇ ನುಂಗುವ ಆ ಕ್ರೊನೊಸನಿಗೆ ಮಗುವೆಂದು ಕೊಟ್ಟ ಕಲ್ಲು, ಕೊನೆಗೆ ಗೆಲ್ಲುವ ಗುಡುಗಿನ ಜೀಯಸ್, ಡೆಲ್ಫಿಯಲ್ಲಿ ಪ್ರತಿಷ್ಠೆಗೊಂಡ ಆ ಕಲ್ಲು. ಕ್ರಮ ಒಂದೇ, ಕಥೆಯ ಕೀಲುಗಳು ಒಂದೇ. ಭೇದಗಳೂ ಇವೆ: ಕಚ್ಚುವುದಕ್ಕೆ ಬದಲಾಗಿ ಕುಡುಗೋಲು, ಅಲಲುವಿಗೆ ಸಮಾನನಾದವನು ಗ್ರೀಕಿನಲ್ಲಿ ಇಲ್ಲ. ಆದರೆ ಕುಮಾರ್ಬಿಯ ಚಕ್ರದ್ದೇ ಇನ್ನೊಂದು ಕಾವ್ಯದಲ್ಲಿ, ಬಾನನ್ನೂ ಭೂಮಿಯನ್ನೂ ಹಿಂದೆ ಬೇರ್ಪಡಿಸಿದ್ದ ಪುರಾತನ ಲೋಹದ ಆಯುಧವನ್ನು ಹೊರತೆಗೆದು ಉಲ್ಲಿಕುಮ್ಮಿಯೆಂಬ ಶಿಲಾದೈತ್ಯನನ್ನು ಅಡಿಯಿಂದ ಕತ್ತರಿಸಲು ಹೇಳುತ್ತಾರೆ. ಕುಡುಗೋಲಿನ ಮೂಲ ಅಲ್ಲಿದೆಯೆಂದು ಹಲವರ ಊಹೆ, ಅದು ನಮಗೂ ಒಪ್ಪಿಗೆ. ಅಲಲುವಿನ ಸ್ಥಾನದಲ್ಲಿ ಊರನೊಸನ ತಂದೆಯಾಗಿ ಎಲಿಯೂನನನ್ನು ಹೇಳುವ ಫೀನಿಷಿಯನ್ ಪಾಠವೊಂದು ಬಿಬ್ಲೊಸಿನ ಫಿಲೊ ಎಂಬವನ ಹೆಸರಿನಲ್ಲಿ, ಯುಸೆಬಿಯಸನ ಉದ್ಧರಣೆಗಳ ಮೂಲಕ ಉಳಿದಿದೆ. ಅದನ್ನು ಬಹುಕಾಲ ಕಟ್ಟುಕಥೆಯೆಂದು ತಳ್ಳಿಹಾಕಲಾಗಿತ್ತು. ಉಗರಿಟ್‌ನ ಅಗೆತ 1929ರಲ್ಲಿ ಆರಂಭವಾದ ಮೇಲೆಯೇ ಅದರ ಹಿಂದೆ ಹಳೆಯ ಸಾಮಗ್ರಿಯಿದೆಯೆಂಬುದು ಸ್ಪಷ್ಟವಾಯಿತು.

ಇಲ್ಲಿ ನಮ್ಮ ಪ್ರಶ್ನೆ ತನ್ನ ನಿಜವಾದ ರೂಪದಲ್ಲಿ ಎದುರಾಗುತ್ತದೆ. ಕುಮಾರ್ಬಿ ಮತ್ತು ಕ್ರೊನೊಸ್ ಎಂಬ ಹೆಸರುಗಳ ನಡುವೆ ಧ್ವನಿಸಂಬಂಧವಿಲ್ಲ. ಅನು ಮತ್ತು ಊರನೊಸ್ ನಡುವೆಯೂ ಇಲ್ಲ. ಹುರಿಯನ್ನರ ತೆಶುಬ್‌ಗೂ ಜೀಯಸನಿಗೂ ಇಲ್ಲ. ದ್ಯೌಃ–ಜೀಯಸ್ ಜೋಡಿಯಲ್ಲಿ ಹೆಸರು ಕೂಡಿತು, ಕಥೆ ಕೂಡಲಿಲ್ಲ. ಇಲ್ಲಿ ಕಥೆ ಕೂಡಿತು, ಹೆಸರು ಕೂಡಲಿಲ್ಲ. ವಿಚಿತ್ರವೆಂದರೆ ಹತ್ತುಶದ ಅದೇ ಭಂಡಾರದಲ್ಲಿ, ಮಿತನ್ನಿಯ ಅರಸನೊಡನೆ ಕ್ರಿ.ಪೂ. ಹದಿನಾಲ್ಕನೆಯ ಶತಮಾನದಲ್ಲಿ ಆದ ಒಪ್ಪಂದದ ಸಾಕ್ಷಿದೇವತೆಗಳ ಪಟ್ಟಿಯಲ್ಲಿ ಮಿತ್ರ, ವರುಣ, ಇಂದ್ರ, ನಾಸತ್ಯರ ಹೆಸರುಗಳಿವೆ. ಅಲ್ಲಿಯೂ ಹೆಸರುಗಳು ಮಾತ್ರ. ವೃತ್ರವಧೆಯ ಒಂದು ಸಾಲೂ ಅಲ್ಲಿಲ್ಲ.

ಹೆಸರು ಬಾರದೆ ಕಥೆ ಹೇಗೆ ಬಂದೀತು? ಅನು ಎಂಬುದರ ಮೂಲವಾದ ಸುಮೇರಿಯನ್ 'ಅನ್' ಎಂದರೆ ಬಾನು; ಊರನೊಸ್ ಎಂದರೂ ಗ್ರೀಕಿನಲ್ಲಿ ಬಾನೇ. ಅಂದರೆ ಹೆಸರು ಎರವಲಾಗಲಿಲ್ಲ, ಅನುವಾದವಾಯಿತು. ಈ ಅನುವಾದದ ಅಭ್ಯಾಸವು ಗ್ರೀಕರದೇ ಅಲ್ಲ, ಅದು ಬೆಣೆಲಿಪಿಯ ಬರಹದ ಒಳಗೇ ಇದ್ದ ಅಭ್ಯಾಸ. ಗುಡುಗಿನ ದೇವತೆಯನ್ನು ಹಿಟ್ಟೈಟ್ ಲಿಪಿಕಾರನು ಹೆಚ್ಚಾಗಿ ಒಂದು ಪದಚಿಹ್ನೆಯಿಂದ ಸೂಚಿಸುತ್ತಾನೆ. ಅದನ್ನು ಹುರಿಯನ್ ಬಲ್ಲವನು ತೆಶುಬ್ ಎಂದು ಓದಿದರೆ, ಹಿಟ್ಟೈಟ್ ಓದುಗನು ತರ್ಹುನ್ನ ಎಂದೂ ಲುವಿಯನ್ ಓದುಗನು ತರ್ಹುನ್ತ್ ಎಂದೂ ಓದುತ್ತಾನೆ. 3 ಎಂಬ ಅಂಕಿಯನ್ನು ನಾವು ಮೂರು ಎಂದೂ ತೆಲುಗರು ಮೂಡು ಎಂದೂ ಮರಾಠಿಗರು ತೀನ್ ಎಂದೂ ಓದುವ ಹಾಗೆ. ಉಗರಿಟ್‌ನಲ್ಲಿ ದೊರೆತ ಬಹುಭಾಷಾ ಪದಪಟ್ಟಿಗಳಲ್ಲಿ ಒಂದೊಂದು ದೇವತೆಗೂ ಬೇರೆಬೇರೆ ಭಾಷೆಗಳ ಹೆಸರುಗಳು ಅಕ್ಕಪಕ್ಕದ ಅಂಕಣಗಳಲ್ಲಿವೆ. ದೇವತೆಯ ಹೆಸರು ಇಂತಹ ಲೋಕದಲ್ಲಿ ಅಂಕಿತನಾಮಕ್ಕಿಂತ ಹೆಚ್ಚಾಗಿ ರೂಢನಾಮದಂತೆ ವರ್ತಿಸುತ್ತದೆ. ಅದಕ್ಕೆ ಪ್ರತಿ ಭಾಷೆಯಲ್ಲಿಯೂ ಒಂದು ಸಮಾನಪದವುಂಟೆಂಬ ನಂಬಿಕೆ ಇರುತ್ತದೆ.

ಹೆರೊಡೋಟಸನ ಒಂದು ಪ್ರಸಿದ್ಧ ಒಗಟಿಗೂ ಇಲ್ಲಿ ಬೆಳಕು ದೊರೆಯುತ್ತದೆ. ಗ್ರೀಕ್ ದೇವತೆಗಳ ಬಹುಪಾಲು ಹೆಸರುಗಳು ಈಜಿಪ್ಟಿನಿಂದ ಬಂದವೆಂದು ಆತನು ತನ್ನ ಎರಡನೆಯ ಪುಸ್ತಕದಲ್ಲಿ ಹೇಳುತ್ತಾನೆ. ಪೊಸೆಯ್ದೋನ್, ಹೇರಾ ಮೊದಲಾದ ಕೆಲವರನ್ನು ಮಾತ್ರ ಹೊರಗಿಡುತ್ತಾನೆ. ಆದರೆ ಅದೇ ಪುಸ್ತಕದಲ್ಲಿ ಈಜಿಪ್ಟಿನವರು ಜೀಯಸನನ್ನು ಅಮುನ್ ಎಂದು ಕರೆಯುತ್ತಾರೆಂದೂ ಆತನೇ ತಿಳಿಸುತ್ತಾನೆ. ಧ್ವನಿರೂಪದ ಮಟ್ಟದಲ್ಲಿ ಈ ಎರಡು ಹೇಳಿಕೆಗಳು ಒಂದನ್ನೊಂದು ಕೊಲ್ಲುತ್ತವೆ. ಹೆಸರು ಎಂದರೆ ಆತನಿಗೆ ಉಚ್ಚರಿಸುವ ಶಬ್ದವಲ್ಲ, ದೇವತೆಗಳನ್ನು ವಿಂಗಡಿಸಿ ಗುರುತಿಸುವ ವ್ಯವಸ್ಥೆ ಎಂದು ಅರ್ಥೈಸಿದರೆ ಮಾತ್ರ ಅವು ಒಟ್ಟಿಗೆ ನಿಲ್ಲುತ್ತವೆ. ಆತನ ಮಾತಿನ ಈ ಅರ್ಥವನ್ನು ಎಲ್ಲರೂ ಒಪ್ಪಿಲ್ಲ, ಆದರೆ ಹತ್ತುಶ ಮತ್ತು ಉಗರಿಟ್‌ನ ಸಾಮಗ್ರಿಯ ಪಕ್ಕದಲ್ಲಿಟ್ಟು ನೋಡಿದಾಗ ನಮಗೆ ಅದು ಸಹಜವಾಗಿ ಕಾಣುತ್ತದೆ.

ಹಾಗಾದರೆ ಕಥೆಯ ದಾರಿಯನ್ನು ತೋರಿಸುವ ಭಾಷಿಕ ಸಾಕ್ಷ್ಯವೇ ಇಲ್ಲವೆ? ಇದೆ, ಅದು ದೇವತೆಗಳ ಹೆಸರಿನಲ್ಲಿಲ್ಲ, ಸ್ಥಳನಾಮದಲ್ಲಿದೆ. ಹುರಿಯನ್–ಹಿಟ್ಟೈಟ್ ಕಾವ್ಯದಲ್ಲಿ ಗುಡುಗಿನ ದೇವತೆಯು ಸಮುದ್ರದ ನಡುವೆ ಬೆಳೆಯುತ್ತಿರುವ ಉಲ್ಲಿಕುಮ್ಮಿಯನ್ನು ನೋಡಿ ಅಳುವುದು ಹಜ಼್ಜಿ ಎಂಬ ಬೆಟ್ಟದ ಮೇಲೆ ನಿಂತು. ಉಗರಿಟ್‌ನವರಿಗೆ ಇದೇ ಬೆಟ್ಟವು ಬಾಳನ ಸಪೋನ್. ಇಂದಿನ ಟರ್ಕಿ ಮತ್ತು ಸಿರಿಯಾಗಳ ಗಡಿಯಲ್ಲಿ ಸಮುದ್ರದಿಂದಲೇ ಎದ್ದು ನಿಂತಂತಿರುವ ಜೆಬೆಲ್ ಅಕ್ರಾ ಅದು. ಗ್ರೀಕರು ಅದನ್ನು ಕಸಿಯೊನ್ ಎಂದರು, ರೋಮನ್ನರು ಕಸಿಯುಸ್ ಎಂದರು. ಹಜ಼್ಜಿಯ ಧ್ವನಿಯೇ ಇಲ್ಲಿ ಉಳಿದಿದೆ. ಅಪೊಲೊಡೊರಸನ ಹೆಸರಿನ ಪುರಾಣಸಂಗ್ರಹದಲ್ಲಿ ಜೀಯಸನು ಟೈಫೋನನನ್ನು ಬೆನ್ನಟ್ಟಿ ಹೋಗಿ ಕೈಗೈ ಕಾದುವುದು ಇದೇ ಬೆಟ್ಟದಲ್ಲಿ. ಅಲ್ಲಿ ಟೈಫೋನನು ಜೀಯಸನ ಕೈಕಾಲುಗಳ ನರಗಳನ್ನು ಕತ್ತರಿಸಿ ಸಿಲಿಸಿಯದ ಗುಹೆಯೊಂದರಲ್ಲಿ ಬಚ್ಚಿಡುತ್ತಾನೆ. ಹಿಟ್ಟೈಟರ ಇಲ್ಲುಯಂಕ ಎಂಬ ಸರ್ಪವೂ ಗುಡುಗಿನ ದೇವತೆಯ ಹೃದಯವನ್ನೂ ಕಣ್ಣುಗಳನ್ನೂ ಕಸಿದುಕೊಂಡಿತ್ತು. ದೇವತೆಯ ಹೆಸರು ಬದಲಾಯಿತು, ಸರ್ಪದ ಹೆಸರು ಬದಲಾಯಿತು, ಬೆಟ್ಟದ ಹೆಸರು ಬದಲಾಗಲಿಲ್ಲ. ಬೆಟ್ಟವನ್ನು ಹಡಗಿನಿಂದ ಕೈತೋರಿಸಿ ಹೆಸರು ಕೇಳಬಹುದು. ಸಿಕ್ಕ ಉತ್ತರವನ್ನು ಅನುವಾದಿಸುವ ಅಗತ್ಯವಿರುವುದಿಲ್ಲ.

ಆ ಹಡಗುಗಳೂ ಊಹೆಯಲ್ಲ. ಟರ್ಕಿಯ ದಕ್ಷಿಣ ತೀರದ ಉಲುಬುರುನ್ ಬಳಿ ಕ್ರಿ.ಪೂ. 1300ರ ಸುಮಾರಿಗೆ ಮುಳುಗಿದ ಹಡಗಿನಿಂದ 1984–94ರ ಅವಧಿಯಲ್ಲಿ ಸುಮಾರು ಹತ್ತು ಟನ್ ತಾಮ್ರ, ಒಂದು ಟನ್ ತವರ, ಕಾನಾನಿನ ಗಡಿಗೆಗಳು, ಸೈಪ್ರಸ್ಸಿನ ಮಣ್ಣಿನ ಪಾತ್ರೆಗಳು, ಮೈಸೀನಿಯದ ಸಾಮಾನುಗಳು, ಜೊತೆಗೆ ಮಡಿಸಿಡಬಹುದಾದ ಬರಹದ ಮರದ ಹಲಗೆಯೂ ದೊರೆತವು. ಕ್ರಿ.ಪೂ. ಎಂಟನೆಯ ಶತಮಾನದ ಗ್ರೀಕ್ ಮಡಕೆಗಳು ಒರಾಂಟಿಸ್ ನದೀಮುಖದ ಅಲ್ ಮಿನಾದಲ್ಲಿ ಹೇರಳವಾಗಿವೆ. ಕಸಿಯೊನ್ ಬೆಟ್ಟ ಅಲ್ಲಿಗೆ ಹತ್ತಿರ. ಕುಮಾರ್ಬಿಯ ಕಥೆಯು ಇವುಗಳಲ್ಲಿ ಯಾವ ಕಾಲದಲ್ಲಿ ದಾಟಿತೆಂಬುದರ ಬಗೆಗೆ ವಾಲ್ಟರ್ ಬುರ್ಕರ್ಟ್ ಮತ್ತು ಎಂ. ಎಲ್. ವೆಸ್ಟ್ ಅವರ ಕೃತಿಗಳ ಸುತ್ತ ದೊಡ್ಡ ಚರ್ಚೆಯೇ ನಡೆದಿದೆ. ಒಂದೇ ಸಲ ದಾಟಿತೆಂದು ಭಾವಿಸಲು ನಮಗೆ ಕಾರಣ ಕಾಣದು.

ಧ್ವನಿರೂಪದ ಎರವಲು ನಡೆಯಲೇ ಇಲ್ಲವೆಂದು ಇದರ ಅರ್ಥವಲ್ಲ. ಸಾಫೋಳ ಕಾಲಕ್ಕಾಗಲೇ ಗ್ರೀಕ್ ಹೆಂಗಸರು ಶೋಕಿಸುತ್ತಿದ್ದ ಅದೋನಿಸ್ ಎಂಬ ಹೆಸರು ಪಶ್ಚಿಮ ಸೆಮಿಟಿಕ್ ಭಾಷೆಗಳ 'ಅದೋನ್', ಎಂದರೆ ಒಡೆಯ. ಅದು ಗೋಳಾಟದಲ್ಲಿ ಕೂಗುವ ಸಂಬೋಧನೆಯಾಗಿದ್ದುದರಿಂದಲೇ ಧ್ವನಿಸಹಿತ ಬಂದಿರಬೇಕು. ಕಾದ್ಮೊಸನನ್ನು 'ಪೂರ್ವ' ಎಂಬರ್ಥದ ಸೆಮಿಟಿಕ್ ಧಾತುವಿಗೆ ಸೇರಿಸುವುದು ಸಾಧ್ಯ, ಯುರೋಪೆಯನ್ನು 'ಪಶ್ಚಿಮ'ಕ್ಕೆ ಸೇರಿಸುವುದು ಹೆಚ್ಚು ಕಷ್ಟ. ಆದರೆ ಇಲ್ಲಿಂದ ಮಾರ್ಟಿನ್ ಬರ್ನಾಲ್ 1987ರಿಂದ ಮೂರು ಸಂಪುಟಗಳಲ್ಲಿ ಮಂಡಿಸಿದ ವಾದಕ್ಕೆ ಹೋಗಲು ಧ್ವನಿನಿಯಮದ ಸೇತುವೆಯಿಲ್ಲ. ಅಥೆನಾ ಎಂಬುದನ್ನು ಈಜಿಪ್ಟಿನ 'ನೆಯ್ತ್ ದೇವಿಯ ಮನೆ' ಎಂಬ ಸ್ಥಳನಾಮದಿಂದ ಅವರು ಪಡೆಯುತ್ತಾರೆ. ಗ್ರೀಕ್ ಪಾಂಡಿತ್ಯವು ಪೂರ್ವದ ಋಣವನ್ನು ಮುಚ್ಚಿಹಾಕಿದ ಬಗೆಯನ್ನು ಕುರಿತ ಅವರ ಆರೋಪದಲ್ಲಿ ಸತ್ಯಾಂಶವಿದೆ. ವ್ಯುತ್ಪತ್ತಿಗಳಲ್ಲಿ ಮಾತ್ರ ಅವರು ಮುಲ್ಲರರ ಕಾಲಕ್ಕಿಂತಲೂ ಹಿಂದೆ ಹೋದರು. ಕ್ನೋಸೊಸ್‌ನ ಅ-ತ-ನ-ಪೊ-ತಿ-ನಿ-ಯ ಎಂಬುದನ್ನು ಅಲ್ಲಿಯದೇ ದ-ಪು₂-ರಿ-ತೊ-ಯೊ ಪೊ-ತಿ-ನಿ-ಯ, ಎಂದರೆ 'ಲ್ಯಾಬಿರಿಂತಿನ ಒಡತಿ' ಎಂಬುದರ ಪಕ್ಕದಲ್ಲಿಟ್ಟರೆ, 'ಅಥಾನ ಎಂಬ ಸ್ಥಳದ ಒಡತಿ' ಎಂಬ ಅರ್ಥ ಹೊರಡುವ ಸಂಭವವುಂಟು. ಆಗ ಊರಿಗೆ ದೇವಿಯಿಂದ ಹೆಸರು ಬಂದಿತೆಂಬುದಕ್ಕೆ ಬದಲಾಗಿ ದೇವಿಗೆ ಊರಿನಿಂದ ಹೆಸರು ಬಂದಂತಾಗುತ್ತದೆ. ಆ ಸ್ಥಳನಾಮ ಗ್ರೀಕಿಗಿಂತ ಹಿಂದಿನ, ನಮಗೆ ಗೊತ್ತಿಲ್ಲದ ಭಾಷೆಯದು.

ಶ್ರವಣಸಾದೃಶ್ಯದ ಆಕರ್ಷಣೆಯಿಂದ ಕನ್ನಡವೂ ಹೊರತಲ್ಲ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ದೊರೆತು 1903ರಲ್ಲಿ ಪ್ರಕಟವಾದ ಖರಿತಿಯೋನ್ ಪ್ರಹಸನವು ಯೂರಿಪಿಡಿಸನ ಇಫಿಜೆನಿಯಾ ಕಥೆಯ ವಿಡಂಬನೆ. ತಾಉರಿಯನ್ನರ ನಾಡು ಅಲ್ಲಿ ಭಾರತದ ಕರಾವಳಿಯಾಗಿದೆ. ಅದರಲ್ಲಿನ ಪರಭಾಷೆಯ ಮಾತುಗಳು ಕನ್ನಡವೆಂದು ಹುಲ್ಟ್ಜ್ 1904ರಲ್ಲಿ ಸೂಚಿಸಿದುದೂ, ಆರ್. ಶಾಮಶಾಸ್ತ್ರಿಗಳು ಅದನ್ನು ಮುಂದುವರಿಸಿದುದೂ ನಮ್ಮ ಓದುಗರಿಗೆ ಪರಿಚಿತ. ಹಾಸ್ಯಕ್ಕಾಗಿ ಗ್ರೀಕ್ ಕಿವಿಗೆ ಬಿದ್ದಂತೆ ಬರೆದ, ಪದವಿಭಾಗವಿಲ್ಲದ ಸಾಲುಗಳನ್ನು ಯಾವ ದ್ರಾವಿಡ ಭಾಷೆಯಲ್ಲಿಯಾದರೂ ಓದಲು ತೊಡಗಿದರೆ ಏನಾದರೊಂದು ಸಿಕ್ಕೇ ಸಿಗುತ್ತದೆ. ಸಿಕ್ಕ ಪದಗಳ ಸಂಖ್ಯೆಗಿಂತ ಅವುಗಳ ವ್ಯಾಕರಣರೂಪವು ಆ ಕಾಲದ ಕನ್ನಡಕ್ಕೆ ಹೊಂದುತ್ತದೆಯೇ ಎಂಬುದನ್ನು ಪರೀಕ್ಷಿಸುವುದೇ ಲೀನಿಯರ್ ಬಿ ಕಲಿಸಿದ ಕ್ರಮ. ಆ ಪರೀಕ್ಷೆಯಲ್ಲಿ ಈ ಓದು ಇನ್ನೂ ತೇರ್ಗಡೆಯಾಗಿಲ್ಲ.

ಹೆಸರು, ಕಥೆ, ಸ್ಥಳ ಮೂರೂ ಒಂದೆಡೆ ಸೇರುವಂತೆ ತೋರುವ ಒಂದು ಉದಾಹರಣೆ ಉಳಿದಿದೆ. ಹಿಟ್ಟೈಟ್ ಅರಸ ಎರಡನೆಯ ಮುವತಲ್ಲಿಯು ಕ್ರಿ.ಪೂ. 1280ರ ಸುಮಾರಿಗೆ ವಿಲುಶ ಎಂಬ ನಾಡಿನ ಅರಸನೊಡನೆ ಮಾಡಿಕೊಂಡ ಒಪ್ಪಂದ ನಮಗೆ ದೊರೆತಿದೆ. ಹೋಮರನ ಇಲಿಯೊಸ್ ಎಂಬ ಹೆಸರಿನ ಮೊದಲಲ್ಲಿ ಹಿಂದೆ ವಕಾರವಿತ್ತೆಂಬುದನ್ನು ಅವನ ಛಂದಸ್ಸೇ ಹೇಳುತ್ತದೆ, ಆದ್ದರಿಂದ ವಿಲುಶ–ವಿಲಿಯೊಸ್ ಸಮೀಕರಣವನ್ನು ಇಂದು ಹೆಚ್ಚಿನವರು ಒಪ್ಪುತ್ತಾರೆ. ಆ ಅರಸನ ಹೆಸರು ಅಲಕ್ಸಂದು. ಟ್ರಾಯಿನ ಪಾರಿಸನ ಇನ್ನೊಂದು ಹೆಸರು ಅಲೆಕ್ಸಾಂದ್ರೊಸ್. ಹೆಸರು ಗ್ರೀಕಿನದೇ, ಆದರೆ ಈ ಅಲಕ್ಸಂದು ಹಿಟ್ಟೈಟರ ಸಾಮಂತ. ಅವನ ದಾಖಲೆಯಲ್ಲಿ ಹೆಲೆನಳಿಲ್ಲ, ಹತ್ತು ವರ್ಷದ ಮುತ್ತಿಗೆಯಿಲ್ಲ. ಇಲ್ಲಿಯೂ ಹೆಸರು ಬಂದಿದೆ, ಕಥೆ ಬಂದಿಲ್ಲ. ಒಪ್ಪಂದದ ಕೊನೆಯಲ್ಲಿ ವಿಲುಶದ ಪರವಾಗಿ ಸಾಕ್ಷಿ ನಿಲ್ಲುವ ದೇವತೆಗಳ ಸಾಲಿನಲ್ಲಿ ಅಪ್ಪಲಿಯುನಸ್ ಎಂದು ಓದಬಹುದಾದ ಒಂದು ಹೆಸರಿದೆ. ಇಲಿಯಡ್‌ನಲ್ಲಿ ಟ್ರಾಯಿನ ಪಕ್ಷದ ದೇವರು ಅಪೊಲೊ. ಸೈಪ್ರಸ್ಸಿನ ಉಪಭಾಷೆಯಲ್ಲಿ ಆತನ ಹೆಸರು ಅಪೆಯ್ಲೋನ್ ಎಂದಿರುವುದರಿಂದ, ಲಕಾರದ ಬಳಿ ಯಕಾರವಿದ್ದ ಹಳೆಯ ರೂಪವನ್ನು ಪುನಾರಚಿಸುವುದು ಸಾಧ್ಯ. ಅದು ಫಲಕದ ಬರಹಕ್ಕೆ ಹೊಂದುತ್ತದೆ. ಆದರೆ ಫಲಕ ಅಲ್ಲಿ ಒಡೆದಿದೆ. ಹೆಸರಿನ ಮುಂದೆ ಇನ್ನೊಂದು ಚಿಹ್ನೆಯ ಕುರುಹು ಕಾಣುತ್ತದೆ. ಅದು ಹೆಸರಿನದೇ ಭಾಗವಾಗಿದ್ದರೆ ಈ ಸಮೀಕರಣವು ವರುಣ–ಊರನೊಸ್ ಜೋಡಿಯ ಸಾಲಿಗೆ ಸೇರುತ್ತದೆ, ಅದರ ಹಿಂದಿನ ಪದದ್ದಾಗಿದ್ದರೆ ಅಪೊಲೊನ ಅತ್ಯಂತ ಹಳೆಯ ಉಲ್ಲೇಖವು ಗ್ರೀಕರದಲ್ಲದ ದಾಖಲೆಯಲ್ಲಿ, ಅವರು ಮುತ್ತಿದರೆಂದು ಹಾಡಿಕೊಂಡ ಊರಿನ ದೇವರಾಗಿ ದೊರೆತಂತಾಗುತ್ತದೆ.